ಒಂದು ಬುಟ್ಟಿ ಕೋಬಿ, ಒಂದು ಬಟ್ಟಲು ಪಲ್ಯ

ಕೋಬಿ ಪಲ್ಯವೆಂದರೆ ನನಗೆ ಇವತ್ತಿಗೂ ಪಂಚಪ್ರಾಣ. ಅದನ್ನು ತಿನ್ನುವಾಗ ಸಿಟ್ಟೂ ಬರುತ್ತದೆ. ಎರಡನ್ನೂ ಬಿಡುವ ಮನಸ್ಸು ನನಗಿಲ್ಲ.

ಪುಸ್ತಕದಲ್ಲಿ ಎಲೆಕೋಸು ಅಂತ ಬರೆಯುತ್ತಾರೆ, ನಮ್ಮ ಕಡೆ ಅದು ಕೋಬಿ. ಗಲಗಲಿಯಲ್ಲಿ ನನ್ನ ತವರಿನವರು ಹೊಳೆದಂಡೆಯ ತೋಟದಲ್ಲಿ ಅದನ್ನು ಬೆಳೆಯುತ್ತಿದ್ದರು. ಚಳಿಗಾಲ ಪೂರ್ತಿ ಮನೆಯಲ್ಲಿ ಅದೇ. ಅವ್ವ ಸಣ್ಣಗೆ ಹೆಚ್ಚಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಜಜ್ಜಿ ಒಗ್ಗರಣೆ ಕೊಟ್ಟು, ನೆನೆಸಿದ ಹೆಸರುಬೇಳೆ ಹಾಕಿ ಮುಚ್ಚಿಡುತ್ತಿದ್ದಳು. ನಾಲ್ಕು ರೊಟ್ಟಿ ಬಡಿಯುವಷ್ಟರಲ್ಲಿ ಪಲ್ಯ ತಯಾರು. ಒಳಗಿನ ಎಳೆ ಎಲೆಗೆ ಗುರೆಳ್ಳು ಪುಡಿ, ಉಪ್ಪು, ಹಸಿ ಎಣ್ಣೆ ಕಲೆಸಿದರೆ ಪಚಡಿ. ರೊಟ್ಟಿಗೆ ಇದಕ್ಕಿಂತ ಒಳ್ಳೆಯ ಜೋಡಿ ಇದ್ದರೆ ನನಗೆ ತೋರಿಸಿ.

ನನ್ನನ್ನು ಬನಹಟ್ಟಿಯ ನೇಕಾರರ ಮನೆಗೆ ಕೊಟ್ಟರು. ಜಮಖಂಡಿ ಸಂಸ್ಥಾನ ಹೋಗಿ ನಾವೆಲ್ಲ ಮುಂಬಯಿ ರಾಜ್ಯದವರಾಗಿ ಆಗಿನ್ನೂ ಬಹಳ ದಿನ ಆಗಿರಲಿಲ್ಲ. ಅತ್ತೆ ಕೋಬಿಯನ್ನು ಸಂತೆಯಲ್ಲಿ ಕಂಡಿದ್ದರು ಅಷ್ಟೇ, ಒಲೆಯ ಮೇಲೆ ಇಟ್ಟವರಲ್ಲ. ಸೊಪ್ಪು ಬೆಂದರೆ ಕರಗುತ್ತದೆ ಅಂತ ಅವರಿಗೂ ಗೊತ್ತಿತ್ತು. ಆದರೆ ಕೋಬಿ ಅವರ ಕಣ್ಣಿಗೆ ಸೊಪ್ಪಾಗಿರಲಿಲ್ಲ. ಕುಂಬಳಕಾಯಿಯ ಹಾಗೆ ಗಟ್ಟಿ, ಕೈಗೆ ತೂಕ ಹತ್ತುವ ಕಾಯಿ ಅದು.

ಅಣ್ಣ ಕಳಿಸಿದ ಕೋಬಿಯನ್ನು ಮೊದಲ ಸಲ ಮಾಡಿದ ದಿನ ಅತ್ತೆ ಪಡಸಾಲೆಯಲ್ಲಿ ರಾಟಿಗೆ ಕೂತು ನೂಲು ಸುತ್ತುತ್ತಿದ್ದರು. ನಾನು ಈಳಿಗೆಯಲ್ಲಿ ಹೆಚ್ಚಿ ಬುಟ್ಟಿ ತುಂಬಿಸಿದ್ದನ್ನು ಕಣ್ಣಾರೆ ನೋಡಿದರು. ಊಟದ ಹೊತ್ತಿಗೆ ಒಳಗೆ ಬಂದು ಗಡಿಗೆಯ ಮುಚ್ಚಳ ತೆಗೆದರು. ತಳದಲ್ಲಿ ಒಂದು ಬಟ್ಟಲು ಪಲ್ಯ.

“ಉಳಿದದ್ದ ಎಲ್ಲಿ ಹೋತು?”

“ಕುದ್ದ ಮ್ಯಾಲ ಇಷ್ಟ ಆಗತೈತ್ರಿ” ಅಂದೆ.

“ನನಗ ಅಡಗಿ ಕಲಸಾಕ ಬಂದಿಯೇನು? ಕುಂಬಳಕಾಯಿ ಕುದ್ರ ಬದನಿಕಾಯಿ ಆಗತೈತೇನು? ತಿಂದಿದ್ರ ತಿಂದೇನಿ ಅನ್ನು.”

ನನ್ನ ಗಂಡ ಪಡಸಾಲೆಯ ಮಗ್ಗದಲ್ಲೇ ಕೂತಿದ್ದ. ಲಾಳಿಯ ಸದ್ದು ಒಮ್ಮೆ ನಿಂತಿತು, ಮತ್ತೆ ಶುರುವಾಯಿತು.

ಬಂಗಾರ ಕದ್ದಳು ಅಂದಿದ್ದರೂ ನನಗೆ ಇಷ್ಟು ಉರಿಯುತ್ತಿರಲಿಲ್ಲ. ಕದ್ದು ತಿಂದಳು ಅಂದರೆ ತವರಿನವರು ಉಪವಾಸ ಕೆಡವಿ ಬೆಳೆಸಿದರು ಅಂತ ಅರ್ಥ. ಮರುದಿನದಿಂದ ನಾನು ಅಡುಗೆ ಮಾಡುವಾಗೆಲ್ಲ ಅತ್ತೆ ಬಾಗಿಲಲ್ಲೇ ಕೂತರು. ಸುದ್ದಿ ಬಾವಿಕಟ್ಟೆಗೂ ಹೋಯಿತು. “ಇವತ್ತ ಗಡಿಗ್ಯಾಗ ಏನರ ಉಳಸೀಯೇನವಾ?” ಅಂತ ಓಣಿಯ ಹೆಂಗಸರು ಕಿಸಕ್ಕನೆ ನಗುತ್ತಿದ್ದರು. ಒಬ್ಬ ಮುದುಕಿ ಮಾತ್ರ, “ತಡಕೋ, ಅತ್ತಿಗೊಂದ ಕಾಲ, ಸೊಸಿಗೊಂದ ಕಾಲ” ಅಂದಳು. ಸೊಸೆಯ ಕಾಲ ಬರುವತನಕ ನಾನು ಕಳ್ಳಿಯಾಗಿಯೇ ಇರಬೇಕಿತ್ತೇ?

ಹದಿನೈದು ದಿನದ ಮೇಲೆ ಅಣ್ಣ ಮತ್ತೊಂದು ಹೇರು ಕೋಬಿ ಹೊತ್ತು ಬಂದ. ಅವನು ನೀರು ಕುಡಿದು ಚೆಂಬು ಕೆಳಗಿಡುವುದೇ ತಡ, ಅತ್ತೆ ಎಲ್ಲವನ್ನೂ ಹೇಳಿದರು. ಅಣ್ಣ ಎದ್ದು ನಿಂತು ಕೈ ಮುಗಿದ. “ಸಣ್ಣಾಕಿ ಅದಾಳ್ರಿ, ತಪ್ಪಾಗೇತಿ, ಹೊಟ್ಟ್ಯಾಗ ಹಾಕ್ಕೋರಿ.”

ನನಗೆ ಮೈಯೆಲ್ಲ ಬೆಂಕಿ ಹತ್ತಿತು. ಗಾಡಿಗಟ್ಟಲೆ ಕೋಬಿ ಬೆಳೆದವನಿಗೆ ಅದು ಒಲೆಯ ಮೇಲೆ ಏನಾಗುತ್ತದೆ ಅಂತ ಗೊತ್ತಿಲ್ಲ! ಗಂಡಸರು ತಾಟು ನೋಡುತ್ತಾರೆ, ಗಡಿಗೆ ಯಾವತ್ತು ನೋಡಿದ್ದಾರೆ? ಅವನ ಹೇರಿನಿಂದಲೇ ಎರಡು ಕೋಬಿ ಎತ್ತಿಕೊಂಡು, ಈಳಿಗೆ ತಂದು ಪಡಸಾಲೆಯ ನಟ್ಟನಡುವೆ ಹಾಕಿ ಕೂತೆ. “ಯಾರೂ ಏಳಬ್ಯಾಡ್ರಿ. ಇಲ್ಲೇ ಕುಂತು ನೋಡ್ರಿ” ಅಂದೆ. ನನ್ನ ದನಿ ನನಗೇ ಹೊಸದಾಗಿತ್ತು. ಹೆಚ್ಚಿದೆ. ಅದೇ ಬುಟ್ಟಿ ತುಂಬಿತು. ಅತ್ತೆಯ ಕೈ ಹಿಡಿದು ಒಲೆಯ ಮುಂದೆ ಕೂಡಿಸಿ, ಸೌಟು ಅವರ ಕೈಗೇ ಕೊಟ್ಟೆ. ಮುಚ್ಚಳ ಹಾಕಲೇ ಇಲ್ಲ. ಗಡಿಗೆಯ ಬಾಯಿ ಮೀರಿ ನಿಂತಿದ್ದ ಕೋಬಿ ಕುತ್ತಿಗೆಗೆ ಇಳಿಯಿತು, ಅರ್ಧಕ್ಕೆ ಇಳಿಯಿತು, ಕೊನೆಗೆ ತಳ ಹಿಡಿಯಿತು. ಅತ್ತೆ ಸೌಟಿನಿಂದ ಕೆದಕಿ ಕೆದಕಿ ನೋಡಿದರು.

“ನೀರ ಭಾಳ ಐತಿ ಇದರಾಗ” ಅಂದರು. ಅಷ್ಟೇ. ಆದರೆ ಮರುದಿನದಿಂದ ಬಾಗಿಲಲ್ಲಿ ಕೂರುವುದನ್ನು ಬಿಟ್ಟರು. ಮುಂದೆ ಅವರೇ ಸಂತೆಯಿಂದ ಕೋಬಿ ಆರಿಸಿ ತರುತ್ತಿದ್ದರು, ಒಗ್ಗರಣೆಗೆ ಶೇಂಗಾ ಪುಡಿ ಉದುರಿಸುವುದನ್ನು ನನಗೆ ಕಲಿಸಿದವರೂ ಅವರೇ. ಅವರ ಮೇಲಿನ ಸಿಟ್ಟು ಅಲ್ಲಿಗೆ ಇಳಿಯಿತು.

ಅವತ್ತು ಅಣ್ಣನ ಪಕ್ಕ ನನ್ನ ಗಂಡ ಊಟಕ್ಕೆ ಕೂತ. ಮದುವೆಗೆ ಮೊದಲು ಒಂದು ವರ್ಷ ಅವನು ಸೊಲ್ಲಾಪುರದಲ್ಲಿ ಗಿರಣಿ ಕೆಲಸಕ್ಕಿದ್ದ. ರೊಟ್ಟಿ ಮುರಿಯುತ್ತ, ನಗುತ್ತ ಅಣ್ಣನಿಗೆ ಹೇಳಿದ, “ಸೊಲ್ಲಾಪುರದ ಖಾನಾವಳ್ಯಾಗೂ ಹಿಂಗ. ಡಬರಿ ತುಂಬ ಹಾಕತಿದ್ರು, ತಳಕ್ಕ ಹೋಗೂದು. ದಿನಾ ನೋಡತಿದ್ದೆ.”

ನೀಡುತ್ತಿದ್ದ ನನ್ನ ಕೈ ನಿಂತಿತು. “ನಿಮಗ ಗೊತ್ತಿತ್ತೇನ್ರಿ?”

“ಗೊತ್ತಿತ್ತು. ಅವ್ವನ ಮುಂದ ಹೆಂಗ ಹೇಳೂದು?”

ಅಣ್ಣನ ತಾಟಿಗೆ ಪಲ್ಯ ನೀಡಿದೆ. ಅತ್ತೆಗೆ ಗೊತ್ತಿರಲಿಲ್ಲ, ಕಳ್ಳಿ ಅಂದರು. ಅಣ್ಣನಿಗೆ ಗೊತ್ತಿರಲಿಲ್ಲ, ಕೈ ಮುಗಿದ. ನಾನು ಕಳ್ಳಿಯಲ್ಲ ಅಂತ ಗೊತ್ತಿದ್ದವನು ಹದಿನೈದು ದಿನವೂ ನನ್ನ ಪಕ್ಕದಲ್ಲೇ ಮಲಗಿದ್ದ.