ಮೊಸರಾಗದ ಹಾಲಿನ ಬೆನ್ನು ಹಿಡಿದು ಅಜ್ಜಂಪುರಕ್ಕೆ

ಕಡೂರಿನಲ್ಲಿ ತರೀಕೆರೆ ಬಸ್ ಹತ್ತಿದೆ. ಆಧಾರ್ ಕಾರ್ಡ್ ತೋರಿಸಿದೆ. ಕಂಡಕ್ಟರ್ ಹೆಂಗಸರ ಫ್ರೀ ಟಿಕೆಟ್ ಕೊಟ್ಟು, "ಕೂತ್ಕಳಿ ಅಜ್ಜಿ, ಬಿದ್ಗಿದ್ದೀರಾ," ಎಂದ.

ಹಿಂದಿನ ದಿನ ಅಜ್ಜಂಪುರದಿಂದ ತಂಗಿ ಗಿರಿಜೆಯ ಫೋನ್ ಬಂದಿತ್ತು. ಅವಳ ಪುಟ್ಟ ಮೊಮ್ಮಗಳು ಚಿನ್ನಿ ಹಾಲು ಕುಡಿದೊಡನೆ ವಾಂತಿ ಮಾಡುತ್ತಾಳೆ. ಔಷಧಿ ನಾಟುತ್ತಿಲ್ಲ. ಕೊನೆಗೆ ನಕ್ಕು, "ಹಾಲ್ಗೇನಾಗೈತೋ ಅಕ್ಕಾ, ಹೆಪ್ಪಾಕಿದ್ರೂ ಮೊಸ್ರಾಗ್ತಿಲ್ಲ ಕಣೇ," ಎಂದಿದ್ದಳು.

ಶಿವಮೊಗ್ಗದ ಕಡೆ ರಿಸರ್ಚ್ ಮಾಡುವ ನನ್ನ ಮೊಮ್ಮಗಳು ನಿಶಾ ಇದನ್ನು ಕೇಳಿ ನಗಲಿಲ್ಲ. "ಹಾಲು ಕೆಡ್ಬಾರ್ದು ಅಂತ ಕೆಲವ್ರು ಹಾಕ್ತಾರಲ್ಲ, ಆ ಹೈಡ್ರೋಜನ್ ಪೆರಾಕ್ಸೈಡ್ ಸೇರಿದ್ರೆ ಹಂಗಾಗತ್ತೆ ಅಜ್ಜಿ, ಹೆಪ್ಪೇ ಸಾಯತ್ತೆ. ಮಗೂಗೆ ಆ ಹಾಲು ಬೇಡ ಅನ್ನಿ." ಗಿರಿಜೆಗೆ ಫೋನ್ ಮಾಡಿ ಹಾಗೇ ಅಂದೆ. "ನಮ್ಮನೆ ಹಸೀನ್ ಹಾಲು, ಪ್ಯಾಕೆಟ್ ಅಲ್ಲ!" ಎಂದು ಗಿರಿಜೆ ಫೋನ್ ಇಟ್ಟುಬಿಟ್ಟಳು. ಅದಕ್ಕೇ ಈ ಪ್ರಯಾಣ.

ತರೀಕೆರೆ ಸ್ಟ್ಯಾಂಡಿನಲ್ಲಿ ನಿಶಾ ಜೊತೆಯಾದಳು. ಅಜ್ಜಂಪುರದ ಬಸ್ಸಿನಲ್ಲಿ ಅವಳು ಡಬ್ಬಿ ತೆರೆದು ಚ್ಯೂಯಿಂಗ್ ಗಮ್ಮಿನಷ್ಟು ಪಟ್ಟಿಯೊಂದನ್ನು ತೋರಿಸಿದಳು. ಅದರ ಕಪ್ಪು ತುದಿಗೆ, ಕಣ್ಣಿಗೆ ಕಾಣದಷ್ಟು ಸಣ್ಣ ತಾಮ್ರದ ಆಕ್ಸೈಡಿನ ನ್ಯಾನೋ ಕಣಗಳ ಲೇಪ.

"ಎನ್‌ಜೈಮ್ ಅನ್ನೋ ಜೀವರಸ ಇದ್ರಲ್ಲಿಲ್ಲ, ಅದಕ್ಕೇ ಈ ಬಿಸಿಲಿಗೂ ಕೆಡಲ್ಲ. ಪೆರಾಕ್ಸೈಡ್ ತಾಕಿದ್ರೆ ಕರೆಂಟ್ ಏರತ್ತೆ, ಮೊಬೈಲ್ನಲ್ಲಿ ಗೆರೆ ಮೇಲೇಳತ್ತೆ."

"ಶಾಕ್ ಹೊಡೆಯುತ್ತೇನೇ?"

"ಹೊಡೆದ್ರೆ ಗಿರಿಜಜ್ಜಿಗೆ."

ಕಿಟಕಿಯಾಚೆ ಈರುಳ್ಳಿ ಹೊಲಗಳು ಸರಿದವು. ಇಷ್ಟು ಹೊತ್ತಿಗೆ ಗಿರಿಜೆ ಮಗುವಿಗೆ ಮತ್ತೊಂದು ಲೋಟ ಕುಡಿಸಿರುತ್ತಾಳೆ ಎಂದು ಮತ್ತೆ ಮತ್ತೆ ಗಡಿಯಾರ ನೋಡಿದೆ.

ನಾವು ಮನೆ ಮುಟ್ಟಿದಾಗ ಚಿನ್ನಿ ಗಿರಿಜೆಯ ಹೆಗಲ ಮೇಲೆ ಒದ್ದೆ ಬಟ್ಟೆಯಂತೆ ಬಿದ್ದಿದ್ದಳು. ನಿಶಾ ಹಸುವಿನ ಹಾಲನ್ನು ನೇರವಾಗಿ ಲೋಟಕ್ಕೇ ಕರೆಸಿ ಪಟ್ಟಿ ಅದ್ದಿದಳು. ಮೊಬೈಲಿನಲ್ಲಿ ಗೆರೆ ಸುಮ್ಮನೆ ಮಲಗಿತ್ತು. ಆಮೇಲೆ ಕ್ಯಾನಿಗೆ ಸುರಿದಿದ್ದ ಹಾಲಿಗೆ ಹೊಸ ಪಟ್ಟಿ ಅದ್ದಿದಳು. ಗೆರೆ ಎದ್ದು ನಿಂತಿತು.

"ಗಿರಿಜಾ, ಈ ಕ್ಯಾನ್ ಏನ್ ಹಾಕಿ ತೊಳೀತೀಯ?" ಎಂದೆ.

ಅವಳು ಕೊಟ್ಟಿಗೆಯ ಗೂಡಿನಿಂದ ಹಸುವಿನ ಗೊರಸಿನ ಹುಣ್ಣು ತೊಳೆಯುವ ಬಾಟಲಿ ತಂದಳು. "ವಾಂತಿ ಶುರುವಾದಾಗ ಡಾಕ್ಟ್ರು ಪಾತ್ರೆ ಕ್ಲೀನಾಗಿಡಿ ಅಂದ್ರು. ಇದು ಕೀವ್ನೇ ನೊರೆ ಎಬ್ಬಿಸಿ ತೆಗೀತದೆ ಕಣಕ್ಕಾ. ಅದ್ಕೆ ಕ್ಯಾನಿಗೂ ಹಾಕಿ ಕುಲುಕ್ತೀನಿ."

"ಆಮೇಲೆ ನೀರು?"

"ನೀರ್ನಲ್ಲೇ ರೋಗ ಅಂತಾರಲ್ಲ! ಅಂಗೇ ಅದ್ರ ಮೇಲೆ ಹಾಲು ಸುರೀತೀನಿ."

ಕ್ಯಾನ್ ಕನ್ನಡಿಯಂತೆ ಹೊಳೆಯುತ್ತಿತ್ತು. ಕಾನ್ವೆಂಟಿನಲ್ಲಿ ನಾವಿಬ್ಬರೂ 'ಕ್ಲೀನ್ಲಿನೆಸ್ ಈಸ್ ನೆಕ್ಸ್ಟ್ ಟು ಗಾಡ್ಲಿನೆಸ್', ಶುಚಿತ್ವವೇ ದೈವತ್ವಕ್ಕೆ ಹತ್ತಿರ, ಎಂದು ಒಂದೇ ಬೆಂಚಿನಲ್ಲಿ ಕೂತು ಕಾಪಿ ಬರೆದವರು. ಅವಳ ಅಕ್ಷರ ನನ್ನದಕ್ಕಿಂತ ದುಂಡಗೆ. ಆ ಬಾಟಲಿಯಲ್ಲಿರುವುದೇ ಪೆರಾಕ್ಸೈಡ್ ಎಂದು ನಿಶಾ ಮೆಲ್ಲಗೆ ಎಲ್ಲ ಬಿಡಿಸಿ ಹೇಳಿದಳು. ಗಿರಿಜೆ ಬಾಟಲಿಯನ್ನು ಕೆಳಗಿಟ್ಟಳು.

"ನಾನೇ ಕುಡ್ಸಿದ್ನಾ ಅಕ್ಕಾ?"

ನಾನು ಚಿನ್ನಿಯನ್ನು ಅವಳ ಹೆಗಲಿಂದ ಎತ್ತಿಕೊಂಡೆ.

ಬಾಟಲಿ ಸಮೇತ ಆಸ್ಪತ್ರೆಗೆ ಓಡಿದೆವು. ಡಾಕ್ಟರು ಬಾಯಿ, ಹೊಟ್ಟೆ ನೋಡಿ, ಇವತ್ತು ಬರೀ ಗಂಜಿ, ನಾಳೆಯಿಂದ ಸ್ವಲ್ಪ ಸ್ವಲ್ಪ ಹಾಲು ಎಂದರು. "ವಾಂತಿಯಲ್ಲಿ ರಕ್ತ ಕಂಡ್ರೆ ತಕ್ಷಣ ಕರ್ಕೊಂಡ್ಬನ್ನಿ." ಆ ಮಾತು ನಮ್ಮ ಜೊತೆಯಲ್ಲೇ ಮನೆಗೆ ಬಂತು.

ಸಂಜೆ ಕುದಿನೀರಿನಲ್ಲಿ ತೊಳೆದ ಪಾತ್ರೆಗೆ ಹಾಲು ಕರೆದು, ಕಾಯಿಸಿ ಆರಿಸಿ, ಹೆಪ್ಪು ಹಾಕಿದೆ. ಬೆಳಿಗ್ಗೆ ಮುಚ್ಚಳ ತೆಗೆಯಲು ಯಾರಿಗೂ ಧೈರ್ಯವಿಲ್ಲ. ನಾನೇ ತೆಗೆದೆ. ಮೊಸರು ಗಟ್ಟಿಯಾಗಿ ಕೂತಿತ್ತು. ಚಿನ್ನಿ ಕಾಲು ಲೋಟ ಹಾಲು ಕುಡಿದಳು. ಗಿರಿಜೆ ವಾಂತಿಗೆಂದು ಅವಳ ಗಲ್ಲದ ಕೆಳಗೆ ಅಂಗೈ ಒಡ್ಡಿ ಕಾದಳು. ಚಿನ್ನಿ ತೇಗಿದಳು, ಅಷ್ಟೆ.

ಕಡೂರಿನ ರೈಲಿಗೆ ಹೊತ್ತಾಗಿತ್ತು. ಆಟೋದಿಂದ ತಿರುಗಿ ನೋಡಿದೆ. ಗಿರಿಜೆ ಗೇಟಿನಲ್ಲಿ ನಿಂತಿದ್ದಳು. ಹೆಗಲ ಮೇಲೆ ಚಿನ್ನಿ ನಮಗೆ ಟಾಟಾ ಮಾಡುತ್ತಿದ್ದಳು. ಗಿರಿಜೆ ಮಾಡಲಿಲ್ಲ. ಅವಳ ಅಂಗೈ ಇನ್ನೂ ಮಗುವಿನ ಗಲ್ಲದ ಕೆಳಗೆ ಬಟ್ಟಲಾಗಿ ಕಾಯುತ್ತಲೇ ಇತ್ತು.