ಸೀಲು ಒಡೆಯದ ಕಂಪ್ಯೂಟರು

ಕರಡಪ್ಪನವರಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಮೂವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದ ಮೇಲೆ ಆ ಹೆಸರು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮಾತ್ರ ಉಳಿದಿತ್ತು. ನಿವೃತ್ತರಾದ ಮೇಲೆ ಮನೆಯ ಮುಂಗೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರಿನ ಮುಂದೆ ಕೂತು, ಸಣ್ಣಪುಟ್ಟ ಪುಸ್ತಕಗಳಿಗೆ ಪುಟ ಜೋಡಿಸಿಕೊಡುತ್ತಿದ್ದರು. ಕಣ್ಣು ಮಂಜಾಗಿದ್ದರೂ ತಪ್ಪು ಮಾತ್ರ ಎಲ್ಲಿದ್ದರೂ ತಾನಾಗಿ ಬಂದು ಅವರ ಕಣ್ಣಿಗೆ ಬೀಳುತ್ತಿತ್ತು. ಮದುವೆ ಕಾಗದ ಬಂದರೆ ಮದುಮಕ್ಕಳ ಹೆಸರಿಗಿಂತ ಮೊದಲು ಬಿಟ್ಟುಹೋದ ಕೊಂಬು ಕಾಣುತ್ತಿತ್ತು. ಔಷಧಿ ಬಾಟಲಿಯ ಚೀಟಿಯನ್ನು ತಿದ್ದಿ ಮುಗಿಸದೆ ಔಷಧಿ ಕುಡಿಯುತ್ತಿರಲಿಲ್ಲ.

ಅವರು ಹಿಡಿದ ತಪ್ಪುಗಳಲ್ಲೆಲ್ಲ ದೊಡ್ಡದು ಮಾತ್ರ ಕಾಗದದ ಮೇಲಿನದಲ್ಲ, ಷಡ್ಡಕನದು.

ಷಡ್ಡಕ ಎಂದರೆ ಹೆಂಡತಿಯ ತಂಗಿಯ ಗಂಡ, ಹಳೆಯ ಕಂಪ್ಯೂಟರುಗಳನ್ನು ರಿಪೇರಿ ಮಾಡಿ ಮಾರುವವನು. ಒಂಬತ್ತು ವರ್ಷದ ಹಿಂದೆ ಕರಡಪ್ಪನವರು ಅವನ ಅಂಗಡಿಯಲ್ಲೇ ಈ ಕಂಪ್ಯೂಟರನ್ನು ಕೊಂಡಿದ್ದರು. "ನಾಲ್ಕು ಜಿಬಿ ಮೆಮೊರಿ ಇದೆ ಭಾವ. ಎರಡೆರಡು ಜಿಬಿಯ ಎರಡು ರ‍್ಯಾಮ್ ಹಾಕಿದೀನಿ" ಎಂದು ಹೇಳಿ ಅವನು ಡಬ್ಬದ ಹಿಂದಿನ ಸ್ಕ್ರೂ ಮೇಲೆ ಬಿಳಿ ಕಾಗದದ ಸೀಲು ಅಂಟಿಸಿ ಸಹಿ ಹಾಕಿದ್ದ. ಆಟೋದಲ್ಲಿ ತಂದುಕೊಡುತ್ತೇನೆ ಎಂದರೂ ಕೇಳದೆ ಕರಡಪ್ಪನವರು ಅದನ್ನು ಸ್ಕೂಟರಿನಲ್ಲಿ ಎರಡು ಕಾಲುಗಳ ನಡುವೆ ನಿಲ್ಲಿಸಿಕೊಂಡು ಮನೆಗೆ ತಂದರು. ಶುರು ಮಾಡಿದರೆ ಪರದೆಯ ಮೇಲೆ ಬಂದದ್ದು ನಾಲ್ಕಲ್ಲ, ಎರಡು.

ಫೋನು ಮಾಡಿದಾಗ ಷಡ್ಡಕ, "ಹಾಗಿರೋಕೆ ಸಾಧ್ಯವೇ ಇಲ್ಲ ಭಾವ, ಎರಡನ್ನೂ ನಾನೇ ಕೈಯಾರೆ ಹಾಕಿದ್ದು. ಈಗಲೇ ಬಂದು ಬಿಚ್ಚಿ ನೋಡ್ತೀನಿ" ಎಂದ.

"ಬಿಚ್ಚಿ, ಜೇಬಿಂದ ಇನ್ನೊಂದು ತೆಗೆದು ಸಿಕ್ಕಿಸಿ, ಇಗೋ ಇಲ್ಲೇ ಇತ್ತು ಅನ್ನೋಕಾ? ಬೇಡಪ್ಪ. ಸೀಲು ಹಾಗೇ ಇರಲಿ. ಅದೇ ನನ್ನ ಸಾಕ್ಷಿ."

ಸೀಲು ಹಾಗೇ ಇತ್ತು. ಒಂದು ವರ್ಷದ ಗ್ಯಾರಂಟಿ ಮುಗಿದು ಎಂಟು ವರ್ಷವಾದರೂ ಹಾಗೇ ಇತ್ತು. ಧೂಳು ಒರೆಸುವಾಗ ಹೆಂಡತಿಯ ಬಟ್ಟೆ ಆ ಕಡೆ ಹೋದರೆ ಕರಡಪ್ಪನವರು "ಹುಷಾರು!" ಎನ್ನುತ್ತಿದ್ದರು. ಮನೆಗೆ ಬಂದವರನ್ನು ಡಬ್ಬದ ಹಿಂದಕ್ಕೆ ಕರೆದೊಯ್ದು, ಟಾರ್ಚು ಬಿಟ್ಟು, ಸಹಿ ತೋರಿಸಿ ಕಥೆ ಹೇಳುತ್ತಿದ್ದರು. ವರ್ಷದಿಂದ ವರ್ಷಕ್ಕೆ ಕಥೆ ನುಣುಪಾಯಿತು. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ಷಡ್ಡಕ ಆ ಮನೆಯ ಮೆಟ್ಟಿಲು ಹತ್ತುವುದನ್ನು ಬಿಟ್ಟ. ಅಕ್ಕ ತಂಗಿಯರು ಆಸ್ಪತ್ರೆಯ ಬೆಂಚಿನಲ್ಲೋ ತರಕಾರಿ ಅಂಗಡಿಯ ಮುಂದೋ ಭೇಟಿಯಾಗಿ, ಕೈಚೀಲ ಕೆಳಗಿಡದೆಯೇ ಅರ್ಧ ಗಂಟೆ ಮಾತಾಡಿ ಬೇರೆಯಾಗುತ್ತಿದ್ದರು. ಹಾಗೆ ಭೇಟಿಯಾಗಿ ಬಂದ ದಿನವೆಲ್ಲ ಕರಡಪ್ಪನವರ ಹೆಂಡತಿ ಮೌನವಾಗಿರುತ್ತಿದ್ದಳು. ಅಂಥ ಮೌನದಲ್ಲಿ ತಪ್ಪು ಹುಡುಕುವುದು ಅವರಿಗೂ ಬರುತ್ತಿರಲಿಲ್ಲ.

ಈ ಸಲ ಒಂದು ಶಾಲೆಯ ನೂರು ವರ್ಷದ ಪುಸ್ತಕ ಬಂತು. ಮುನ್ನೂರು ಫೋಟೋ. ನಲವತ್ತನೆಯ ಫೋಟೋ ಇಡುವಷ್ಟರಲ್ಲಿ ಕಂಪ್ಯೂಟರು ಕಲ್ಲಾಗಿ ಕೂತಿತು.

"ಅದಕ್ಕೂ ನಿಮ್ಮ ಹಾಗೇ ಮಧ್ಯಾಹ್ನದ ನಿದ್ದೆ ಅಭ್ಯಾಸ ಆಯ್ತು" ಎಂದಳು ಹೆಂಡತಿ.

"ಅರ್ಧ ಹೊಟ್ಟೇಲಿ ದುಡಿಸಿದ್ರೆ ಇನ್ನೇನಾಗುತ್ತೆ? ಅವನು ನುಂಗಿದ್ದನ್ನ ನಾನೇ ತಂದು ತುಂಬ್ತೀನಿ."

ಹೊಸ ಕಂಪ್ಯೂಟರಿನ ಮಾತೇ ಇರಲಿಲ್ಲ. ಬೇಕಾದದ್ದು ಎರಡು ಜಿಬಿಯ ಒಂದೇ ಒಂದು ರ‍್ಯಾಮ್, ಖಾಲಿ ಇರುವ ಜಾಗಕ್ಕೆ. ಮೊದಲ ಅಂಗಡಿಯವನು ಕಂಪ್ಯೂಟರಿನ ವಯಸ್ಸು ಕೇಳಿ ಕೈ ಮುಗಿದ. ಎರಡನೆಯವನು ಮುಕ್ಕಾಲು ಗೇಣುದ್ದದ ಹಸಿರು ರ‍್ಯಾಮ್ ಪಟ್ಟಿ ತೋರಿಸಿ, "ಅಗ್ಗ ಏನೋ ಹೌದು, ಆದ್ರೆ ನಿಮ್ಮದಕ್ಕೆ ಕೂರಲ್ಲ. ಈ ಕೆಳಗಿನ ಕಚ್ಚು ನೋಡಿ, ಒಂದೊಂದು ಕಾಲದ್ದಕ್ಕೆ ಒಂದೊಂದು ಕಡೆ ಇರುತ್ತೆ. ಬಲವಂತ ಮಾಡಿದ್ರೆ ಎರಡೂ ಹಾಳು" ಎಂದ. ಮೂರನೆಯವನು ಮಾತ್ರ ದಾರಿ ತೋರಿಸಿದ: "ಇಷ್ಟು ಹಳೇದು ಅಂದ್ರೆ ಹಿಂದಿನ ಓಣಿಯವರ ಹತ್ರ ಮಾತ್ರ. ಒಳ್ಳೆ ಮನುಷ್ಯ, ಹೊಂದದೇ ಇದ್ರೆ ವಾಪಸ್ಸೂ ತಗೊಳ್ತಾರೆ."

ಹಿಂದಿನ ಓಣಿಯ ಒಳ್ಳೆ ಮನುಷ್ಯ ಯಾರೆಂದು ಕರಡಪ್ಪನವರಿಗೆ ಗೊತ್ತಿತ್ತು. ಬಿಸಿಲಲ್ಲಿ ಎರಡು ಸುತ್ತು ಹಾಕಿದರು. ಮೂರನೆಯ ಸುತ್ತಿಗೆ ಕಾಲು ತಾನೇ ಓಣಿಗೆ ತಿರುಗಿತು.

ಷಡ್ಡಕ ತಲೆಯೆತ್ತಿ ನೋಡಿ ಗಡಬಡಿಸಿ ಸ್ಟೂಲು ಒರೆಸಿದ. ಕೂದಲು ನೆರೆತಿತ್ತು. "ಬನ್ನಿ ಭಾವ, ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲ. ಎರಡು ಜಿಬಿಯದು ಒಂದು ಬೇಕು. ನಿಮ್ಮಲ್ಲಿ ಒಂದು ಉಳಿದಿರಬೇಕಲ್ಲ, ಒಂಬತ್ತು ವರ್ಷದಿಂದ."

ಷಡ್ಡಕ ಡ್ರಾಯರಿನಿಂದ ಒಂದು ರ‍್ಯಾಮ್ ತೆಗೆದು, ಅಂಚನ್ನು ರಬ್ಬರಿನಿಂದ ಉಜ್ಜಿ, ತನ್ನ ಯಂತ್ರದಲ್ಲಿ ಹಾಕಿ ಪರೀಕ್ಷೆ ಮಾಡಿ, ಕಾಗದದಲ್ಲಿ ಸುತ್ತಿಕೊಟ್ಟ. "ನಾನೇ ಬಂದು ಹಾಕಿಕೊಡ್ಲಾ?"

"ಬೇಡ" ಎಂದು, ಅವನು ಬೇಡವೆಂದರೂ ಹಣವನ್ನು ಮೇಜಿನ ಮೇಲಿಟ್ಟು ಹೊರಟುಬಂದರು.

ಮನೆಯಲ್ಲಿ ಸೀಲು ಒಡೆಯುವ ಕೆಲಸ ಸಣ್ಣದಾಗಿರಲಿಲ್ಲ. ಮೊದಲು ಅದರ ಫೋಟೋ ತೆಗೆದರು, ಎರಡು ಕಡೆಯಿಂದ. ಸಾಕ್ಷಿಗೆ ಹೆಂಡತಿಯ ಕೈಗೆ ಟಾರ್ಚು ಕೊಟ್ಟು ನಿಲ್ಲಿಸಿದರು. ಬ್ಲೇಡಿನಿಂದ ಕಾಗದ ಸೀಳಿ ಮುಚ್ಚಳ ತೆಗೆದರೆ, ಒಳಗೆ ಒಂಬತ್ತು ವರ್ಷದ ಧೂಳು ಮೆತ್ತಗೆ ಮಲಗಿತ್ತು. ಕುಂಚದಿಂದ ಸರಿಸಿದರು.

"ಎಷ್ಟಿರಬೇಕು ಅಂದ್ರಿ?" ಎಂದಳು ಹೆಂಡತಿ.

"ಒಂದು."

"ಇಲ್ಲಿ ಎರಡಿದೆ."

ಎರಡಿತ್ತು. ಒಂದು ನೆಟ್ಟಗೆ ಕೂತಿತ್ತು. ಇನ್ನೊಂದು ಒಂದು ತುದಿಯಲ್ಲಿ ಕೂದಲೆಳೆಯಷ್ಟು ಮೇಲೆದ್ದು ನಿಂತಿತ್ತು. ಕರಡಪ್ಪನವರು ಕನ್ನಡಕ ಒರೆಸಿ ಮತ್ತೆ ನೋಡಿದರು. ಅಂದು ಸ್ಕೂಟರಿಗೆ ಸಿಕ್ಕ ಮನೆಯ ತಿರುವಿನ ರಸ್ತೆಯುಬ್ಬು, ಕಾಲಿನ ನಡುವೆ ಧಡಕ್ಕೆಂದು ಹಾರಿ ಬಿದ್ದ ಡಬ್ಬ, ಎಲ್ಲ ಇವತ್ತಿನದೆಂಬಂತೆ ನೆನಪಿಗೆ ಬಂತು. ಹೆಬ್ಬೆರಳಿಂದ ಒತ್ತಿದರು. ಟಕ್ ಎಂದಿತು. ಶುರು ಮಾಡಿದರೆ ಪರದೆಯ ಮೇಲೆ ನಾಲ್ಕು.

ಮೇಜಿನ ಮೇಲೆ ಮೂರನೆಯ ರ‍್ಯಾಮ್ ಜಾಗವಿಲ್ಲದ ನೆಂಟನ ಹಾಗೆ ಕಾಯುತ್ತಿತ್ತು.

ಹೆಂಡತಿ ಟಾರ್ಚು ಆರಿಸಿದಳು.

"ಇದನ್ನ ಯಾರಿಗೂ..." ಎಂದರು ಕರಡಪ್ಪನವರು.

"ನಾನ್ಯಾಕ್ರೀ ಹೇಳ್ಲಿ? ಇಷ್ಟು ವರ್ಷ ಹೇಳಿದೋರು ನೀವು" ಎಂದು ಒಳಗೆ ಹೋದಳು.

ಮರುದಿನ ಅವರು ರ‍್ಯಾಮ್ ವಾಪಸು ಕೊಡಲು ಹೋದರು. ದಾರಿಯುದ್ದಕ್ಕೂ ನಿಜವನ್ನು ನಾಲ್ಕು ವಿಧದಲ್ಲಿ ಬಾಯಿಪಾಠ ಮಾಡಿದ್ದರು. ಆದರೆ ಷಡ್ಡಕ, "ಹೊಂದಲಿಲ್ವಾ ಭಾವ?" ಎಂದು ಕೇಳಿ ಎದುರಿಗೇ ಒಂದು ಬಾಗಿಲು ತೆರೆದಿಟ್ಟ. ಕರಡಪ್ಪನವರು ತಲೆತಗ್ಗಿಸಿ ಅದರಲ್ಲೇ ನುಸುಳಿದರು.

"ಹೂಂ. ಹೊಂದಲಿಲ್ಲ."

"ಹಾಗಾಗಬಾರದಲ್ಲ." ಷಡ್ಡಕನ ಮುಖ ಬಾಡಿತು. "ಎರಡನೇ ಸಲವೂ ನನ್ನಿಂದಲೇ ನಿಮಗೆ ಮೋಸ ಆದ ಹಾಗಾಯ್ತು. ಅಂಗಡಿ ಮುಚ್ಚಿಕೊಂಡು ಸಂಜೆ ನಾನೇ ಬರ್ತೀನಿ. ಬೇಡ ಅನ್ನಬೇಡಿ."

ಬೇಡ ಎನ್ನಲೇಬೇಕಿತ್ತು. ಬಂದರೆ ಒಡೆದ ಸೀಲು, ಗಟ್ಟಿಯಾಗಿ ಕೂತ ಎರಡು ಪಟ್ಟಿ, ಎಲ್ಲ ಬಯಲು. ಬಾಯಿ ತೆರೆದರು. ಟಾರ್ಚು ಆರಿಸಿದ ಹೆಂಡತಿಯ ಮುಖ ಕಣ್ಣಿಗೆ ಕಟ್ಟಿತು. "ಬನ್ನಿ" ಎಂದರು. "ನಿಮ್ಮ ಮನೆಯವಳನ್ನೂ ಕರ್ಕೊಂಡು ಬನ್ನಿ."

ಸಂಜೆ ಅಕ್ಕ ತಂಗಿ ಬಾಗಿಲಲ್ಲೇ ಒಬ್ಬರ ಕೈ ಒಬ್ಬರು ಹಿಡಿದು ಅಡುಗೆಮನೆಗೆ ಹೋಗಿಬಿಟ್ಟರು. ಷಡ್ಡಕ ಚಪ್ಪಲಿಯನ್ನು ಮೂಲೆಯಲ್ಲಿ ಜೋಡಿಸಿಟ್ಟು, ಹೊಸಬನಂತೆ ಅಂಜುತ್ತ ಒಳಬಂದು, ಮುಚ್ಚಳ ತೆಗೆದು ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ.

"ಭಾವ, ಇಲ್ಲಿರೋದೇ ಎರಡು ಜಾಗ. ಎರಡೂ ತುಂಬಿದೆ. ಮೂರನೇದನ್ನ ನೀವು ಎಲ್ಲಿಗೆ ಹಾಕೋಕೆ ನೋಡಿದ್ರಿ?"

ಕರಡಪ್ಪನವರು ಗೋಡೆ ನೋಡಿದರು. "ಒಂದು ಎದ್ದಿತ್ತು. ನಿನ್ನೆ ಒತ್ತಿದೆ."

"ಯಾವಾಗಿಂದ ಎದ್ದಿತ್ತು?"

"ನಾನು ಸ್ಕೂಟರಲ್ಲಿ ತಂದ ದಿನದಿಂದ."

ಈಗ ಬೈಗುಳ ಬರುತ್ತದೆ ಎಂದು ಅವರು ಕಾದರು. ಬಂದರೆ ಒಳ್ಳೆಯದು ಎಂದೂ ಅನಿಸಿತು. ಷಡ್ಡಕ ಸ್ಟೂಲಿನ ಮೇಲೆ ಕುಸಿದು ಕೂತು ಆ ಎರಡು ಹಸಿರು ಪಟ್ಟಿಗಳನ್ನೇ ನೋಡುತ್ತಿದ್ದ.

"ಹಾಗಾದ್ರೆ ಎರಡೂ ಹಾಕಿದ್ದೆ ನಾನು" ಎಂದ, ತನಗೇ ಹೇಳಿಕೊಳ್ಳುವಂತೆ. "ಮೊದಲೆರಡು ವರ್ಷ ನನಗೆ ಗಟ್ಟಿ ನೆನಪಿತ್ತು ಭಾವ. ಆಮೇಲೆ ನೀವು ಅಷ್ಟು ಚೆನ್ನಾಗಿ, ಅಷ್ಟು ಖಚಿತವಾಗಿ ಹೇಳ್ತೀರಿ ಅಂತ ಊರೆಲ್ಲ ಬಂದು ಹೇಳೋರು. ಕೇಳಿ ಕೇಳಿ, ನಾನು ಒಂದೇ ಹಾಕಿದ್ದೆ ಅಂತ ನನಗೇ ನಂಬಿಕೆ ಬಂದುಬಿಟ್ಟಿತ್ತು. ಹೆಂಡತಿ ಹತ್ರವೂ ಒಪ್ಕೊಂಡಿದ್ದೆ."

ಅಡುಗೆಮನೆಯಿಂದ ಅಕ್ಕ ತಂಗಿಯರ ಪಿಸುಮಾತು ಕೇಳುತ್ತಿತ್ತು. ಕರಡಪ್ಪನವರು ಎದ್ದು ಹೋಗಿ ಬಾಗಿಲ ಚೌಕಟ್ಟನ್ನು ಹಿಡಿದು ನಿಂತರು. ನಾದಿನಿ ಲೋಟ ಕೆಳಗಿಟ್ಟು ಅವಸರದಲ್ಲಿ ಎದ್ದಳು.

"ಕೂತ್ಕೊಳಮ್ಮ" ಎಂದರು. "ನಿನ್ನ ಗಂಡ ನಿನ್ನ ಹತ್ರ ಮಾಡದ ತಪ್ಪೊಂದನ್ನ ಒಪ್ಕೊಂಡಿದಾನೆ. ಅದು ಸುಳ್ಳು ಅಂತ ನಾನು ಹೇಳಬೇಕು."