ಪೌಡರ್ ಹಾಕಿಕೊಂಡು ಹೋದ ದಿನ

ರೇಷ್ಮೆಹುಳುಗಳು ಸೊಪ್ಪು ತಿನ್ನುವ ಆ ಚರಚರ ಸದ್ದು ಇವತ್ತು ನನ್ನ ಬ್ಲಾಗಿನಲ್ಲಿ ಮತ್ತೆ ಕೇಳಿಸಿತು. ಹೋದ ವಾರ ಬ್ಲಾಗಿಗೆ ಹೊಸ ಟೆಂಪ್ಲೇಟ್ ಹಾಕಲು ಹೋಗಿ ಆ ಆಡಿಯೋವನ್ನೇ ಕಳೆದುಕೊಂಡಿದ್ದೆ. ಬೇರೇನು ಹೋಗಿದ್ದರೂ ನೆವರ್ ಮೈಂಡ್ ಅನ್ನುತ್ತಿದ್ದೆ. ಆದರೆ ಅದರಲ್ಲಿ ನನ್ನ ಗೆಳತಿಯ ದನಿಯಿದೆ, ಅವಳು ಈಗಿಲ್ಲ. ಮೂರು ದಿನ ತಡಕಾಡಿದ ಮೇಲೆ ಹಳೆಯ ಡ್ರಾಫ್ಟ್ ಒಂದರಲ್ಲಿ ಸಿಕ್ಕಿತು.

ಕಾನ್ವೆಂಟಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವಳು ಮದುವೆಯಾಗಿ ಜಂಗಮಕೋಟೆಗೆ ಹೋಗಿ ಹುಳು ಸಾಕಿದಳು. ನಾನು ಚಿಂತಾಮಣಿಯಲ್ಲಿ ಕೂತು ಬ್ಲಾಗ್ ಬರೆದೆ. ಆ ಸದ್ದನ್ನು ಓದುಗರಿಗೆ ಕೇಳಿಸಬೇಕೆಂದು ಒಮ್ಮೆ ಅವಳಲ್ಲಿಗೆ ಹೋದೆ, ಹಳೆಯ ಅಭ್ಯಾಸದಂತೆ ನೀಟಾಗಿ ಪೌಡರ್ ಹಾಕಿಕೊಂಡು. ಹುಳುಮನೆಯ ಬಾಗಿಲಿಗೇ ಅಡ್ಡ ನಿಂತಳು.

"ಅಲ್ಲೇ ನಿಲ್ಲಮ್ಮ ಮಹಾರಾಣಿ! ಆ ಘಮಘಮ ನನ್ನ ಹುಳುಗಳಿಗೆ ಆಗಲ್ಲ."

"ಮುಖ ತೊಳ್ಕೊಂಡು ಬರ್ತೀನಿ ಕಣೇ."

"ಸೀರೆಗೂ ಬಳ್ಕೊಂಡಿದ್ದೀಯಲ್ಲೇ! ಕೊಡು ಇಲ್ಲಿ ಫೋನು."

ರೆಕಾರ್ಡಿಂಗ್ ಆನ್ ಮಾಡಿ ಕೊಟ್ಟೆ. ಒಳಗೆ ತಟ್ಟೆಗಳ ಮೇಲೆ ಫೋನು ಹಿಡಿದು ಹುಳುಗಳ ಜೊತೆ ಮಾತಿಗಿಳಿದಳು. "ತಿನ್ರಪ್ಪಾ, ಚೆನ್ನಾಗಿ ತಿನ್ರಿ. ಈ ಅಜ್ಜಿ ನಿಮ್ಮನ್ನ ಬ್ಲಾಗಲ್ಲಿ ಹಾಕ್ತಾಳಂತೆ!"

ಆ ಮಾತನ್ನು ಎಡಿಟ್ ಮಾಡಿ ತೆಗೆಯಬೇಕೆಂದಿದ್ದೆ, ಸೋಮಾರಿತನದಿಂದ ಬಿಟ್ಟೆ. ಥ್ಯಾಂಕ್ ಗಾಡ್.

ಅವಳನ್ನು ಕಡೆಯ ಸಲ ನೋಡಿದ್ದು ಆ ಹೊಸ್ತಿಲಲ್ಲೇ. ಫೋನನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟು ನಕ್ಕಳು. "ಮುಂದಿನ ಹುಳುವಿನ ಬೆಳೆಗೆ ಪೌಡರ್ ಇಲ್ದೆ ಬಾ ಕಣೇ, ಒಳಗೆ ಬಿಡ್ತೀನಿ."